ಹಿರಿಯ ಮಗ ಕೊಯ್ಯುವ ಗೆಡ್ಡೆ

ಅಲ್ ಖುವೈರ್‌ನ ಆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಜೂನ್ ತಿಂಗಳಿನಿಂದ ಇಬ್ಬರು ಅಜ್ಜಿಯರಿದ್ದರು. ಗ್ಯಾಸ್ ಒಲೆಯ ಎದುರಿನ ಎರಡು ಬರ್ನರ್ ಏಂಜೆಲಾ ಅವರದು, ಹಿಂದಿನ ಎರಡು ಮಾಮಾ ಇಕೆ ಅವರದು. ಹೀಗೆಂದು ಯಾರೂ ಹೇಳಿರಲಿಲ್ಲ, ತಾನಾಗಿ ಆದ ಏರ್ಪಾಡು. ಮುಂದೆ ಮೆಂತೆ ಗಂಜಿ ಕುದಿಯುತ್ತಿದ್ದರೆ ಹಿಂದೆ ಒಣಮೀನು, ಮೆಣಸು ಹಾಕಿದ ಖಾರದ ಸಾರು ಕುದಿಯುತ್ತಿತ್ತು. ಬಾಣಂತಿ ಪ್ರಿನ್ಸಿ ಎರಡನ್ನೂ ಕುಡಿಯುತ್ತಿದ್ದಳು. ಯಾವುದು ಹೆಚ್ಚು ರುಚಿ ಎಂದು ಕೇಳಿದರೆ ಮಗು ನಿಕೋಲ್ ಕಡೆಗೆ ತಿರುಗಿ ಡೈಪರ್ ನೋಡುತ್ತಿದ್ದಳು.

ಏಂಜೆಲಾ ಕಲ್ಯಾಣಪುರದವರು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಬಂದಿದ್ದರು. ಮಾಮಾ ಇಕೆ ಅಳಿಯನ ತಾಯಿ, ನೈಜೀರಿಯಾದ ಪೂರ್ವದ ಒಂದು ಹಳ್ಳಿಯವರು. ಅವರ ಇಗ್ಬೋ ಜನರಲ್ಲೂ ಹೆರಿಗೆಯಾದ ಮನೆಗೆ ತಾಯಿ ಬಂದು ನಿಲ್ಲುವ ಪದ್ಧತಿ ಉಂಟು. ಮೊದಲ ಹಕ್ಕು ಹೆಣ್ಣಿನ ತಾಯಿಯದು ಎಂದು ಬಂದ ದಿನವೇ ಅವರು ಒಪ್ಪಿಕೊಂಡರು. "ಆದರೆ ವಿಮಾನದಲ್ಲಿ ಸೀಟು ಇಬ್ಬರಿಗೂ ಇತ್ತಲ್ಲ," ಎಂದು ಸೇರಿಸಿದರು.

ಅವರ ನಿಜವಾದ ಹೆಸರು ಬೆನೆಡಿಕ್ಟಾ. ಅವರ ಕಡೆ ತಾಯಿಯನ್ನು ಚೊಚ್ಚಲ ಮಗುವಿನ ಹೆಸರಿನಿಂದಲೇ ಕರೆಯುವುದು. ಹಿರಿಯ ಮಗ ಇಕೆಂಬಾ, ಆದ್ದರಿಂದ ಅವರು ಮಾಮಾ ಇಕೆ, ಅಂದರೆ ಇಕೆಯ ಅಮ್ಮ.

"ನಿಮ್ಮ ಚೊಚ್ಚಲು ಯಾರು?" ಎಂದು ಏಂಜೆಲಾ ಅವರನ್ನು ಕೇಳಿದರು.

"ಕ್ಲೇಟನ್. ಮಂಗಳೂರಿನಲ್ಲಿದ್ದಾನೆ."

"ಹಾಗಾದರೆ ನೀವು ಮಾಮಾ ಕ್ಲೇಟನ್. ಖಾಲಿ ಹೆಸರಿನಿಂದ ಕರೆಯಲು ನೀವೇನು ಸಣ್ಣ ಹುಡುಗಿಯಾ?"

ಇಬ್ಬರ ಮಾತೂ ಇಂಗ್ಲಿಷಿನಲ್ಲಿ. ಒಬ್ಬರದು ಶಾಲೆಯ ಇಂಗ್ಲಿಷ್, ಇನ್ನೊಬ್ಬರದು ಸಂತೆಯ ಇಂಗ್ಲಿಷ್. ಅರ್ಥವಾಗದ್ದನ್ನು ಸೌಟು ತೋರಿಸಿ ಹೇಳಿಕೊಳ್ಳುತ್ತಿದ್ದರು.

ಅಳಿಯನ ಹೆಸರು ಸಿಪ್ರಿಯನ್. ಮದುವೆಗೆ ಮುಂಚೆ ಪ್ರಿನ್ಸಿ ಫೋನಿನಲ್ಲಿ, "ಮಮ್ಮಿ, ಸಿಪ್ರಿಯನ್ ಅಂತ. ಕೆಥೊಲಿಕ್. ಇಲ್ಲಿಯ ಇಗರ್ಜಿಯ ಕ್ವಾಯರಿನಲ್ಲಿ ಹಾಡ್ತಾನೆ" ಎಂದಾಗ ಏಂಜೆಲಾ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಡೆಯವನು? ಶಿರ್ವದವನಾ, ಬೆಳ್ಮಣ್ಣಿನವನಾ?"

"ಅದಕ್ಕಿಂತ ಸ್ವಲ್ಪ ದೂರ ಮಮ್ಮಿ," ಎಂದಿದ್ದಳು ಮಗಳು.

ಈಗ ಅವನು ಏಂಜೆಲಾ ಅವರನ್ನು ಕೊಂಕಣಿಯಲ್ಲಿ ಅತ್ತೆಗೆ ಹೇಳುವ ಹಾಗೆ ಮಾಂಯ್ ಎಂದು ಕರೆಯುತ್ತಿದ್ದ. ಕೊಂಕಣಿ ಸ್ವಲ್ಪ, ಕನ್ನಡ ಸ್ವಲ್ಪ ಕಲಿತಿದ್ದ. ಅವನ ಕೆಲಸ ಸುವೈಕ್‌ನ ಗುಜರಿ ಯಾರ್ಡುಗಳಲ್ಲಿ. ಹಳೆಯ ಕಾರುಗಳ ಇಂಜಿನ್, ಗೇರ್‌ಬಾಕ್ಸ್, ಬಾಗಿಲು ಕೊಂಡು ಕಂಟೇನರಿಗೆ ತುಂಬಿಸಿ ಹಡಗಿನಲ್ಲಿ ಲಾಗೋಸ್‌ಗೆ ಕಳಿಸುತ್ತಿದ್ದ. ಅಲ್ಲಿ ಅಣ್ಣ ಇಕೆಂಬಾ ಅದನ್ನು ಮಾರುತ್ತಿದ್ದ. ವ್ಯಾಪಾರ ಕಲಿಸಿದವನೂ ಆ ಅಣ್ಣನೇ. ಇಗ್ಬೋ ವ್ಯಾಪಾರಿಗಳಲ್ಲಿ ಒಂದು ಕ್ರಮವುಂಟು: ಕಿರಿಯವನು ಹಿರಿಯವನ ಅಂಗಡಿಯಲ್ಲಿ ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಯಬೇಕು, ಕಲಿತು ಮುಗಿದ ದಿನ ಹಿರಿಯವನು ಸರಕು ಕೊಟ್ಟು ಅವನಿಗೊಂದು ಅಂಗಡಿ ಹಾಕಿಕೊಡಬೇಕು. ಇಕೆಂಬಾ ತಮ್ಮನಿಗೆ ಹಾಗೆಯೇ ಮಾಡಿ, ವಿಮಾನ ಹತ್ತಿಸಿ ಕಳಿಸಿದ್ದ.

ಲಾಗೋಸ್ ಇಗ್ಬೋ ಜನರ ಊರಲ್ಲ. ಅಲ್ಲಿ ಅವರು ವ್ಯಾಪಾರಕ್ಕೆ ಹೋಗಿ ನೆಲೆಯಾದವರು. ಚುನಾವಣೆಯ ಜಗಳ ಎದ್ದಮೇಲೆ "ನೀವು ನಿಮ್ಮ ಊರಿಗೆ ಹೋಗಿ" ಎನ್ನುವ ಮಾತು ಬೀದಿಯಲ್ಲಿ ಕೇಳತೊಡಗಿತ್ತು. ಈ ವರ್ಷ ಜುಲೈ ಮೊದಲ ವಾರದಲ್ಲಿ ಇಕೆಂಬಾನ ಅಂಗಡಿಯಿದ್ದ ಸಾಲಿಗೆ ಜೆಸಿಬಿ ಬಂತು. ಕಾಗದ ಸರಿಯಿಲ್ಲ ಎಂದರು. ಅಂಥದ್ದೇ ಕಾಗದವಿದ್ದ ಎದುರಿನ ಸಾಲು ಹಾಗೇ ನಿಂತಿತ್ತು. ಆ ಸಾಲು ಇಗ್ಬೋಗಳದ್ದಲ್ಲ.

ಅಂದು ಮಾಮಾ ಇಕೆ ಸುದ್ದಿ ಕೇಳಿ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟು ಮಗುವಿನ ಬಟ್ಟೆ ಮಡಚಿದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರು. ಏಂಜೆಲಾ ಎದುರು ಕೂತು ಇನ್ನರ್ಧ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡರು.

ಮನೆಯ ಜಗಳ ಸುರುವಾದದ್ದು ಅದಾದ ಮೇಲೆ. ಸಿಪ್ರಿಯನ್ ಮತ್ತು ಪ್ರಿನ್ಸಿ ಮದುವೆಯಾದಂದಿನಿಂದ ಕೂಡಿಟ್ಟ ಉಳಿತಾಯವಿತ್ತು. ಪ್ರಿನ್ಸಿಗೂ ಹತ್ತಿರದ ಒಂದು ಕಂಪೆನಿಯ ಅಕೌಂಟ್ಸ್‌ನಲ್ಲಿ ಕೆಲಸ. ಆ ಹಣವನ್ನು ಎಲ್ಲಿ ಹಾಕುವುದು ಎಂಬ ಮಾತು ಮೊದಲೂ ಇತ್ತು. ಈಗ ಅದಕ್ಕೆ ಅವಸರ ಬಂತು.

ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಇಡ್ಲಿಯಂಥ ಸಾನ್ನಾಂ, ಕೋಳಿ ಸಾರು, ಮಾಮಾ ಇಕೆ ಮಾಡಿದ ಟೊಮೆಟೊದ ಕೆಂಪನ್ನ. ಮಂಗಳೂರಿನಿಂದ ಕ್ಲೇಟನ್ ವಿಡಿಯೋ ಕಾಲಿನಲ್ಲಿದ್ದ.

"ಸಿಪ್ರಿ, ಕದ್ರಿಯಲ್ಲಿ ಒಂದು ಫ್ಲ್ಯಾಟ್ ಉಂಟು. ಬಾಲ್ಕನಿಯಿಂದ ಸಮುದ್ರ ಕಾಣ್ತದೆ."

"ಹೋದ ಸಲ ಬಂದಾಗ ನಿಮ್ಮ ಊರಲ್ಲಿ ನನಗೆ ವಾರಕ್ಕೆ ಒಂದು ರೂಮ್ ಸಿಗ್ಲಿಲ್ಲ ಕ್ಲೇಟನ್. ಫ್ಲ್ಯಾಟ್ ಸಿಗ್ತದಾ?"

"ಅದು ಬಾಡಿಗೆ ಮಾರಾಯ. ಇದು ಕೊಳ್ಳುವುದು."

"ಕೊಂಡ ಮೇಲೆ ಲಿಫ್ಟಿನಲ್ಲಿ ಎಲ್ಲರೂ ನನ್ನ ಜತೆ ಹತ್ತುತ್ತಾರಾ?"

ಕ್ಲೇಟನ್ ನಕ್ಕು ಕೈಚೆಲ್ಲಿದ. "ಅದು ನಾನು ಗ್ಯಾರಂಟಿ ಕೊಡಲಿಕ್ಕಾಗುವುದಿಲ್ಲ. ನಮ್ಮಲ್ಲಿ ಈಗ ನಮ್ಮವರೇ ನಮ್ಮವರ ಜತೆ ಹತ್ತುವುದು ಕಷ್ಟ."

"ಅಲ್ ಅಮೇರಾತ್‌ನಲ್ಲಿ ಅಂಗಡಿ ನೋಡಿ ಇಟ್ಟಿದ್ದೇವಲ್ಲ," ಎಂದಳು ಪ್ರಿನ್ಸಿ. "ಲೈಸೆನ್ಸಿಗೆ ಹೆಸರು ಕೊಡುವ ಕಫೀಲ್ ಒಳ್ಳೆಯ ಜನ. ಎದುರಿಗೇ ಗ್ಯಾರೇಜುಗಳ ಸಾಲು. ಇಲ್ಲಿ ನಿನ್ನನ್ನು ಯಾರೂ ಎಲ್ಲಿಯವನು ಅಂತ ಕೇಳಿ ಅಂಗಡಿ ಮುಚ್ಚಿಸುವುದಿಲ್ಲ."

ಮಾಮಾ ಇಕೆ ತಟ್ಟೆಯಿಂದ ತಲೆಯೆತ್ತಿದರು. "ವೀಸಾ ಮುಗಿದ ದಿನ ಅಂಗಡಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗ್ತೀರಾ? ಇವರು ಒಳ್ಳೆಯವರು, ನಾನು ಇಲ್ಲ ಅನ್ನುವುದಿಲ್ಲ. ಆದರೂ ಇದು ಇವರ ಊರು. ಸಿಪ್ರಿಯನ್, ನಿನ್ನ ಅಪ್ಪ ನಿನಗೆ ಬಿಟ್ಟ ಜಾಗ ಖಾಲಿ ಬಿದ್ದಿದೆ. ನಿನ್ನ ವಾರಗೆಯವರೆಲ್ಲ ಊರಲ್ಲಿ ಮನೆ ಕಟ್ಟಿದರು. ಕ್ರಿಸ್ಮಸ್‌ಗೆ ಹೋದರೆ ಜನ ಆ ಜಾಗ ತೋರಿಸಿ, ಇಲ್ಲಿ ಯಾರ ಮೇಕೆ ಕಟ್ಟಿದ್ದು ಅಂತ ನನ್ನನ್ನು ಕೇಳುತ್ತಾರೆ."

"ಮನೆ ಕಟ್ಟಿ ಯಾರು ಇರುವುದು ಮಾಮಾ?" ಪ್ರಿನ್ಸಿಯ ದನಿ ಏರಿತು. "ನಿಮ್ಮ ಕಡೆ ಸೋಮವಾರ ಗಲಾಟೆಗೆ ಹೆದರಿ ಅಂಗಡಿಯೇ ತೆರೆಯುವುದಿಲ್ಲ ಅಂತ ನೀವೇ ಹೇಳ್ತೀರಿ. ಅಲ್ಲಿಗೆ ನನ್ನ ಸಂಬಳ ಹೋಗಬೇಕಾ?"

"ಭಾನುವಾರ ದೇವರಿಗೆ, ಸೋಮವಾರ ಪುಂಡರಿಗೆ. ಇನ್ನೂ ಐದು ದಿನ ಉಳಿಯಿತಲ್ಲ," ಎಂದರು ಮಾಮಾ ಇಕೆ.

ಸಿಪ್ರಿಯನ್ ಅನ್ನ ಕಲಸುತ್ತಿದ್ದ. ತಾಯಿ ಅವನನ್ನು ನೋಡಿ ಹೇಳಿದರು, "ನನ್ನ ತಂದೆ ಬೇರೆಯವರ ಪಟ್ಟಣದಲ್ಲಿ ಎರಡು ಮಹಡಿಯ ಮನೆ ಕಟ್ಟಿದ್ದ. ನಾನು ಚಿಕ್ಕವಳಿದ್ದಾಗ ನಮ್ಮ ಜನ ಬೇರೆ ದೇಶ ಕೇಳಿದ ಯುದ್ಧ ಬಂತು, ಓಡಿದೆವು. ಯುದ್ಧ ಮುಗಿದು ನಾನು ಅವನ ಕೈ ಹಿಡಿದುಕೊಂಡು ಹೋದರೆ ನಮ್ಮ ಕಿಟಕಿಯಲ್ಲಿ ಬೇರೆಯವರ ಬಟ್ಟೆ ಒಣಗುತ್ತಿತ್ತು. ಬಿಟ್ಟುಹೋದ ಆಸ್ತಿ ಅಂದರು. ಅವನು ಗೇಟಿನ ಹತ್ತಿರ ನಿಂತು ಕುಡಿಯಲು ನೀರು ಕೇಳಿದ. ಆ ಮನೆಯ ಹೆಂಗಸು ಕೊಟ್ಟಳು, ಅದನ್ನು ನಾನು ಮರೆಯುವುದಿಲ್ಲ. ಆದರೆ ಮನೆ ಕೊಡಲಿಲ್ಲ."

ಏಂಜೆಲಾ ಎದ್ದು ಮಾಮಾ ಇಕೆಯ ಲೋಟಕ್ಕೆ ನೀರು ಹಾಕಿದರು.

ಆ ವಾರದಿಂದ ಮಾಮಾ ಇಕೆಯ ಊಟ ಕಡಿಮೆಯಾಯಿತು. ಬ್ರೆಡ್ ಮುರಿದು ಸಾರಿನಲ್ಲಿ ಅದ್ದಿ ಎದ್ದುಬಿಡುತ್ತಿದ್ದರು. ಊರಿನ ಊಟದ ಆಸೆಯಿರಬೇಕು ಎಂದು ಏಂಜೆಲಾ ಅಂದುಕೊಂಡರು. ಸಿಪ್ರಿಯನ್ ಸುವೈಕ್‌ಗೆ ಹೋಗಿದ್ದ ಒಂದು ದಿನ ತಾವೇ ಟ್ಯಾಕ್ಸಿ ಹಿಡಿದು ಆಫ್ರಿಕದ ಸಾಮಾನು ಮಾರುವ ಅಂಗಡಿಗೆ ಹೋಗಿ ಯಾಮ್ ಗೆಡ್ಡೆ ತಂದರು. ನಮ್ಮ ಕಡೆಯ ತೂಣಗೆಣಸಿನ ಜಾತಿ, ಆದರೆ ಮೊಣಕಾಲುದ್ದ, ತೊಗಟೆ ಮರದ ಹಾಗೆ. ಆಗಸ್ಟಿನ ಬಿಸಿಲಲ್ಲಿ ಅದನ್ನು ಮಗುವಿನ ಹಾಗೆ ಎದೆಗಪ್ಪಿಕೊಂಡು ಹೊತ್ತು ತಂದು, ಸಿಪ್ಪೆ ತೆಗೆದು, ತೆಂಗಿನ ಹಾಲಿನಲ್ಲಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಡಿಸಿದರು.

ಮಾಮಾ ಇಕೆ ತಟ್ಟೆ ನೋಡಿದರು. ತಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ದೂರ ಸರಿಸಿ, ಎದ್ದು ಕೋಣೆಗೆ ಹೋದರು.

"ಎಂತ ಹಾಕಿದಿ ಮಮ್ಮಿ ಅದಕ್ಕೆ?" ಎಂದಳು ಪ್ರಿನ್ಸಿ.

"ತೆಂಗಿನ ಹಾಲು ಹಾಕಿದೆ, ಇನ್ನೆಂತ? ಅಷ್ಟು ದೂರದಿಂದ ಹೊತ್ತು ತಂದೆ." ಏಂಜೆಲಾ ಅವರಿಗೆ ಅಳು ಬರುವ ಹಾಗಾಯಿತು. ಪಾತ್ರೆ ಮುಚ್ಚಿಟ್ಟರು.

ಸಂಜೆ ಸಿಪ್ರಿಯನ್ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಅಯ್ಯೋ ಮಾಂಯ್," ಎಂದು ಕುರ್ಚಿ ಎಳೆದುಕೊಂಡು ಕೂತ. "ಇದು ಹೊಸ ಯಾಮ್ ಬರುವ ಕಾಲ. ನಮ್ಮಲ್ಲಿ ಮನೆಯ ಹಿರಿಯ ಮಗ ಅಪ್ಪನ ನೆಲದಲ್ಲಿ ನಿಂತು ಮೊದಲ ಗೆಡ್ಡೆ ಕೊಯ್ದು ತಿನ್ನಬೇಕು. ಅಲ್ಲಿಯವರೆಗೆ ಮನೆಯವರು ಮುಟ್ಟುವ ಹಾಗಿಲ್ಲ. ಈಗೀಗ ಯಾರೂ ಅಷ್ಟು ನೋಡುವುದಿಲ್ಲ. ಮಾಮಾ ನೋಡ್ತಾರೆ."

"ಇದು ಘಾನಾದ್ದು ಅಂತ ಅಂಗಡಿಯವನು ಹೇಳಿದ."

ಕೋಣೆಯೊಳಗಿಂದ ಮಾಮಾ ಇಕೆಯ ದನಿ ಬಂತು. "ಘಾನಾದಲ್ಲಿ ಗೆಡ್ಡೆ ಹೊಸತಾಗುವುದಿಲ್ಲವಾ?"

ಸಿಪ್ರಿಯನ್ ನಗು ತಡೆದುಕೊಂಡ. "ಇಕೆಂಬಾನಿಗೆ ಈ ವರ್ಷ ಊರಿಗೆ ಹೋಗು ಅಂದರೆ ಹೋಗುತ್ತಿಲ್ಲ. ಲಾಗೋಸ್‌ನಲ್ಲಿ ಯಾರದೋ ಗೋಡೌನಿನಲ್ಲಿ ಮಲಗ್ತಾನೆ. ಹಿರಿಯ ಮಗ ಬರಿಗೈಯಲ್ಲಿ ಬಂದ ಅಂತ ಊರಲ್ಲಿ ಹೇಳಿಸಿಕೊಳ್ಳಲಿಕ್ಕಿಲ್ಲ ಅಂತಾನೆ."

"ಅವನು ಹೋಗುವವರೆಗೆ ಇವರು ತಿನ್ನುವುದಿಲ್ಲವಾ?"

"ಇಲ್ಲ ಮಾಂಯ್."

ಮರುದಿನ ಬೆಳಿಗ್ಗೆ ಏಂಜೆಲಾ ಅಡುಗೆಮನೆಗೆ ಬಂದಾಗ ಯಾಮ್ ಬೇಯಿಸಿದ ಪಾತ್ರೆ ತಿಕ್ಕಿ ಹೊಳೆಯುತ್ತಿತ್ತು. ಎದುರಿನ ಬರ್ನರಿನ ಮೇಲೆ, ಅಂದರೆ ಅವರದೇ ಬರ್ನರಿನ ಮೇಲೆ, ಅವರ ಚಹಾ ಕುದಿಯುತ್ತಿತ್ತು. ಶುಂಠಿ ಕೂಡ ಬಿದ್ದಿತ್ತು.

"ಬಿಸಿಲಲ್ಲಿ ಹೋಗಿ ಹೊತ್ತು ತಂದಿರಿ," ಎಂದರು ಮಾಮಾ ಇಕೆ, ಬೆನ್ನು ತಿರುಗಿಸಿಕೊಂಡೇ. "ನಾನು ನಿನ್ನೆ ಎದ್ದು ಹೋದದ್ದು ನಿಮ್ಮ ಅಡುಗೆಯಿಂದ ಅಲ್ಲ."

"ಗೊತ್ತಾಯಿತು. ನಮ್ಮಲ್ಲೂ ಹಾಗೇ. ಸೆಪ್ಟೆಂಬರಿನಲ್ಲಿ ಮಾತೆಯ ಹುಟ್ಟುಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತರ್ತೇವೆ. ಮನೆಯ ಹಿರಿಯರು ಅಕ್ಕಿ ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಡಬೇಕು. ದೂರ ಇದ್ದವರ ಪಾಲು ತೆಗೆದಿಡ್ತೇವೆ."

ಮಾಮಾ ಇಕೆ ಈಗ ತಿರುಗಿದರು. "ದೂರ ಇದ್ದವರ ಪಾಲು ತೆಗೆದಿಡ್ತೀರಾ? ಎಷ್ಟು ದಿನ?"

"ಬರುವವರೆಗೆ."

ಚಹಾ ಸೋಸಿ ಇಬ್ಬರೂ ಕೂತರು. ಮಾಮಾ ಇಕೆ ಫೋನಿನಲ್ಲಿ ಸಿಪ್ರಿಯನ್‌ನ ಜಾಗದ ಚಿತ್ರ ತೋರಿಸಿದರು. ಕೆಂಪು ಮಣ್ಣು, ಒಂದು ಮಾವಿನ ಮರ, ನಿಜವಾಗಿಯೂ ಒಂದು ಮೇಕೆ. ಅಂಚಿನಲ್ಲಿ ಟಾರು ರಸ್ತೆ, ಆಚೆ ಬದಿಯಲ್ಲಿ ಸಾಲಾಗಿ ನಿಂತ ಮೋಟಾರ್‌ಬೈಕುಗಳು, ಒಂದು ವ್ಯಾನಿನ ಕೆಳಗಿನಿಂದ ಯಾರದೋ ಕಾಲುಗಳು.

ಏಂಜೆಲಾ ಕನ್ನಡಕ ಏರಿಸಿಕೊಂಡು ನೋಡಿದರು. "ಇದೆಂತ, ಬಸ್‌ಸ್ಟ್ಯಾಂಡಾ? ಮನೆ ಕಟ್ಟಿದರೆ ಧೂಳು ಒರೆಸುವುದೇ ಕೆಲಸವಾದೀತು ನಿಮಗೆ. ಈ ಮನುಷ್ಯ ಯಾಕೆ ವ್ಯಾನಿನ ಕೆಳಗೆ ಮಲಗಿದ್ದಾನೆ?"

"ಅವನು ಮೆಕ್ಯಾನಿಕ್. ಅಲ್ಲೆಲ್ಲ ಮೆಕ್ಯಾನಿಕ್‌ಗಳೇ."

"ಅವರು ಪಾರ್ಟ್ಸ್ ಎಲ್ಲಿಂದ ತರ್ತಾರೆ?"

"ಬಸ್ಸಿನಲ್ಲಿ ಪೇಟೆಗೆ ಹೋಗಿ ತರ್ತಾರೆ. ದೊಡ್ಡದು ಬೇಕಾದರೆ ಲಾಗೋಸ್‌ಗೆ ಹೋಗ್ತಾರೆ. ನಮ್ಮ ಇಕೆಂಬಾನ ಹತ್ತಿರವೇ ಎಷ್ಟೋ ಸಲ..." ಮಾಮಾ ಇಕೆ ಅಲ್ಲಿಗೆ ನಿಲ್ಲಿಸಿದರು. ಚಹಾ ಆರುವವರೆಗೂ ಆ ಚಿತ್ರವನ್ನೇ ನೋಡುತ್ತಿದ್ದರು.

ಅವರು ಬಾಯಿಬಿಟ್ಟದ್ದು ಎರಡು ದಿನದ ಮೇಲೆ, ಪ್ರಿನ್ಸಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಉಗುರು ಕತ್ತರಿಸುತ್ತಿದ್ದಾಗ. "ಸಿಪ್ರಿಯನ್, ಮನೆ ಬೇಡ."

ಸಿಪ್ರಿಯನ್ ಟಿವಿಯ ದನಿ ತಗ್ಗಿಸಿದ. "ಎಂತ ಬೇಡ?"

"ಮನೆ ಬೇಡ. ಆ ಜಾಗದಲ್ಲಿ ಅಂಗಡಿ ಇಡು. ಇಟ್ಟಿಗೆ ಕಟ್ಟುವವರೆಗೂ ಕಾಯಬೇಡ. ನೀನು ಸರಕು ಕಳಿಸುವ ಕಬ್ಬಿಣದ ಪೆಟ್ಟಿಗೆ ಉಂಟಲ್ಲ, ಅದನ್ನೇ ಕೊಂಡು ಅಲ್ಲಿ ಇಳಿಸು. ಬಾಗಿಲು ತೆರೆದರೆ ಅಂಗಡಿ. ಲಾಗೋಸ್ ಬಂದರು ಬೇಡ, ನಮ್ಮ ಕಡೆಯ ಬಂದರಿಗೆ ಕಳಿಸು. ಸರಕು ಇಕೆಂಬಾನ ಹೆಸರಿಗೆ ಹೋಗಲಿ. ಆಗ ಅವನು ಬರಿಗೈಯವನಲ್ಲ, ಕಂಟೇನರಿನವನು."

ಸಿಪ್ರಿಯನ್ ಹೆಂಡತಿಯ ಮುಖ ನೋಡಿದ. ಪ್ರಿನ್ಸಿ ನಿಕೋಲ್‌ಳ ಬೆರಳು ಬಿಡಲಿಲ್ಲ. "ಅಲ್ ಅಮೇರಾತ್‌ನ ಅಂಗಡಿ ಹೋಯಿತಾ ಹಾಗಾದರೆ?"

"ನೀನು ಬೇಡ ಅಂದರೆ ಇಲ್ಲ," ಎಂದ ಅವನು. "ಹಣದಲ್ಲಿ ನಿನ್ನದೂ ಸಮಪಾಲು ಉಂಟು. ಆದರೆ ಪ್ರಿನ್ಸಿ, ಅವನು ನನಗೆ ಅಂಗಡಿ ಹಾಕಿಕೊಟ್ಟವನು."

"ಗೊತ್ತುಂಟು ನನಗೆ. ಅವರು ಕಳಿಸದಿದ್ದರೆ ನೀನು ನನಗೆ ಸಿಗುತ್ತಿರಲಿಲ್ಲ." ಅವಳು ಕೊನೆಯ ಉಗುರು ಕತ್ತರಿಸಿ ಕತ್ತರಿ ಕೆಳಗಿಟ್ಟಳು. "ಮಾಮಾ, ಒಂದು ಕೇಳ್ತೇನೆ. ನಿಮ್ಮಲ್ಲಿ ಜಮೀನು ಗಂಡು ಮಕ್ಕಳಿಗೆ ಮಾತ್ರ. ನನಗೆ ಇರುವುದು ಇವಳೊಬ್ಬಳು. ನಾಳೆ ಇವಳು ಅಲ್ಲಿ ಹೋದರೆ ನೀನು ಯಾರು ಅಂತ ಕೇಳಬಾರದು. ಅಂಗಡಿಯಲ್ಲಿ ಇವಳಿಗೆ ಪಾಲು ಬೇಕು. ಬೋರ್ಡಿನಲ್ಲಿ ಇವಳಿರಬೇಕು. ಅದಾಗುವುದಾದರೆ ನನ್ನ ಒಪ್ಪಿಗೆ ಉಂಟು."

ಏಂಜೆಲಾ ಬೀನ್ಸ್ ಕತ್ತರಿಸುವುದನ್ನು ನಿಲ್ಲಿಸಿದರು. ಮಾಮಾ ಇಕೆ ಸೊಸೆಯನ್ನು ನೋಡಿ, "ಇದನ್ನು ಫೋನಿನಲ್ಲಿ ಕೇಳಿದರೆ ಮುದುಕರಿಗೆ ಎದೆ ನೋವು ಬರ್ತದೆ," ಎಂದರು. "ಕೇಳ್ತೇನೆ."

ಆ ಜಾಗದಲ್ಲಿ ಮನೆಯ ಬದಲು ಬೇರೇನು ಮಾಡಬೇಕಾದರೂ ಕುಟುಂಬದ ಗಂಡಸರೆಲ್ಲ ಕೂಡಿದ ಸಭೆ ಒಪ್ಪಬೇಕು. ಭಾನುವಾರ ಸಭೆ. ಮಾಮಾ ಇಕೆ ಮಧ್ಯಾಹ್ನವೇ ಸ್ನಾನ ಮಾಡಿ, ಜರಿಯ ಉಡುಪು ಉಟ್ಟು, ತಲೆಗೆ ದೊಡ್ಡ ವಸ್ತ್ರ ಕಟ್ಟಿ, ಹವಳದ ಸರ ಹಾಕಿಕೊಂಡು ಬಂದರು.

"ವಿಡಿಯೋ ಅಲ್ಲ ಮಾಮಾ, ಬರೀ ದನಿ. ಅವರಿಗೆ ಕಾಣುವುದಿಲ್ಲ," ಎಂದ ಸಿಪ್ರಿಯನ್.

"ನನಗೆ ಗೊತ್ತಿರ್ತದಲ್ಲ."

ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿ ಅವರು ನಿಂತೇ ಮಾತಾಡಿದರು. ಮಾತು ಇಗ್ಬೋದಲ್ಲಿ. ಸಿಪ್ರಿಯನ್ ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ. "ಈ ಅಂಗಳ ಗುಡಿಸಿದವಳು ನಾನು, ಗಂಡ ಸತ್ತ ಮೇಲೂ ಬಿಟ್ಟು ಹೋಗದವಳು ನಾನು, ಅಂತಿದ್ದಾರೆ."

ಅತ್ತಲಿಂದ ಒಂದು ಗಡಸು ದನಿ ಕೂಗಿತು.

"ಎಂತಂತೆ?" ಎಂದಳು ಪ್ರಿನ್ಸಿ.

"ಮೊದ್ಲು ಮನೆ ಕಟ್ಟಲಿ, ಮನೆಯಿಲ್ಲದವನಿಗೆ ಸಭೆಯಲ್ಲಿ ಮಾತಿಲ್ಲ ಅಂತಾರೆ. ಅವರು ನಮ್ಮ ಚಿಕ್ಕಪ್ಪ."

ಮಾಮಾ ಇಕೆ ದನಿ ಏರಿಸಲಿಲ್ಲ. ಬದಲಿಗೆ ನಿಧಾನ ಮಾಡಿದರು. ಸಿಪ್ರಿಯನ್ ಹೇಳುವುದನ್ನು ಮರೆತು ಕೇಳುತ್ತ ನಿಂತ. ಏಂಜೆಲಾ ಅವನ ತೋಳು ಚಿವುಟಿದರು.

"ನಮ್ಮ ಊರಿನ ದೊಡ್ಡ ಮನೆಗಳ ಬಾಗಿಲು ವರ್ಷಕ್ಕೆ ಎಷ್ಟು ದಿನ ತೆರೆಯುತ್ತದೆ ಅಂತ ಕೇಳ್ತಿದ್ದಾರೆ. ಮಕ್ಕಳು ಬೇರೆಯವರ ಊರಲ್ಲಿ ಅಂಗಡಿ ಕಟ್ಟಿದರು, ನಮ್ಮ ಊರಲ್ಲಿ ಮಲಗುವ ಮನೆ ಕಟ್ಟಿದರು. ಈಗ ಆ ಊರಿನವರು ಹೋಗಿ ಅಂದರೆ ಬಂದು ಎಂತ ಮಾಡಬೇಕು, ನಿದ್ದೆಯಾ? ನಮ್ಮ ಮೆಕ್ಯಾನಿಕ್‌ಗಳು ಒಂದು ಗ್ಯಾಸ್ಕೆಟ್‌ಗೆ ಬಸ್ಸು ಹತ್ತುತ್ತಾರೆ. ನನ್ನ ತಂದೆಯ ಮನೆ ಹೋದದ್ದು ನಿಮಗೆಲ್ಲ ಗೊತ್ತು. ನನ್ನ ಮಗನ ಅಂಗಡಿ ಹೋದದ್ದೂ ಗೊತ್ತು. ಮೂರನೆಯದು ಯಾರೂ ಕೆಡವದ ಜಾಗದಲ್ಲಿ ಇರಲಿ, ಅಂತಿದ್ದಾರೆ."

ಅತ್ತ ಗುಜುಗುಜು. ಮಾಮಾ ಇಕೆ ಮತ್ತೊಂದು ಮಾತು ಹೇಳಿದರು. ಗುಜುಗುಜು ಥಟ್ಟನೆ ನಿಂತಿತು.

"ಈಗ ನಿಕೋಲ್ ವಿಷಯ ಹೇಳಿದರು," ಎಂದ ಸಿಪ್ರಿಯನ್ ಪಿಸುಮಾತಿನಲ್ಲಿ.

ಯಾರೋ ಕೆಮ್ಮಿದರು. ಬಹಳ ಮುದಿಯಾದ ಒಂದು ದನಿ ಏನೋ ಕೇಳಿತು. ನಿದ್ದೆ ಕೆಟ್ಟ ನಿಕೋಲ್ ಅದೇ ಹೊತ್ತಿಗೆ ಕಿರುಚಿ ಅಳತೊಡಗಿದಳು. ಪ್ರಿನ್ಸಿ ಎತ್ತಿಕೊಳ್ಳಲು ಓಡಿದಳು. ಅತ್ತ ಕಡೆಯಿಂದ ದೊಡ್ಡ ನಗು ಬಂತು.

"ಹಿರಿಯಜ್ಜ ಕೇಳಿದ್ದು, ಆ ಮಗು ನಮ್ಮ ಸಭೆಗೆ ಬಂದು ಮಾತಾಡ್ತದಾ ಅಂತ," ಎಂದ ಸಿಪ್ರಿಯನ್. ಅವನ ಕಣ್ಣು ತುಂಬಿತ್ತು. "ಈಗ ಹೇಳ್ತಿದ್ದಾರೆ, ಮಾತಾಡಿ ಆಯಿತು, ದನಿ ಕೇಳಿಸಿತು. ಅಂಗಡಿ ಅವಳದ್ದೂ ಆಗಲಿ ಅಂತ. ಚಿಕ್ಕಪ್ಪನೂ ಹೂಂ ಅಂದರು."

ಮಾಮಾ ಇಕೆ ಫೋನಿಗೆ ವಂದಿಸಿ, ಕುರ್ಚಿಯಲ್ಲಿ ಕುಸಿದು ಕೂತು, ತಲೆಯ ವಸ್ತ್ರ ಬಿಚ್ಚಿದರು. "ಮಾಮಾ ಕ್ಲೇಟನ್, ನಿಮ್ಮ ಶುಂಠಿ ಚಹಾ ಕೊಡಿ. ಸಕ್ಕರೆ ಜಾಸ್ತಿ ಇರಲಿ."

ಇಕೆಂಬಾನನ್ನು ಒಪ್ಪಿಸುವುದು ಅಷ್ಟು ಬೇಗ ಆಗಲಿಲ್ಲ. "ತಮ್ಮ ಅಣ್ಣನಿಗೆ ಅಂಗಡಿ ಹಾಕಿಕೊಡುವುದು ಎಲ್ಲಾದರೂ ಉಂಟಾ?" ಎಂದು ಒಂದು ವಾರ ಫೋನೇ ಎತ್ತಲಿಲ್ಲ. ಕಡೆಗೆ ಎತ್ತಿದಾಗ ಪ್ರಿನ್ಸಿ ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಣ್ಣಾ, ನಿಮಗೆ ಯಾರೂ ದಾನ ಕೊಡುತ್ತಿಲ್ಲ. ನನಗೊಬ್ಬ ಮ್ಯಾನೇಜರ್ ಬೇಕು. ನನ್ನ ಮಗಳ ಅಂಗಡಿ ಅದು. ನಿಮಗೆ ಕಷ್ಟವಾದರೆ ಬೇರೆ ಜನ ನೋಡ್ತೇನೆ."

ಇಕೆಂಬಾ ಎಷ್ಟೋ ದಿನದ ಮೇಲೆ ನಕ್ಕ. "ಬೇರೆ ಜನ ಕದೀತಾರೆ," ಎಂದ. "ಇಂಜಿನ್ ಆಯ್ದುಕೊಳ್ಳುವಾಗ ಸಿಪ್ರಿಯನ್ ಆಯಿಲ್ ಸೀಲ್ ನೋಡಲಿ. ಅವನು ಯಾವಾಗಲೂ ಮರೆಯುತ್ತಾನೆ."

ಆಗಸ್ಟ್ ಮುಗಿಯುವ ಮೊದಲು ಸುವೈಕ್‌ನಲ್ಲಿ ಕಂಟೇನರ್ ತುಂಬಿಸಿದರು. ಅಜ್ಜಿಯರಿಬ್ಬರೂ ನೋಡಬೇಕೆಂದು ಹಟ ಮಾಡಿ ಕಾರಿನಲ್ಲಿ ಹೊರಟರು. ಸಿಪ್ರಿಯನ್ ಖಾಯಂ ಸರಕು ಕೊಳ್ಳುವ ಯಾರ್ಡಿನ ಮಮ್ಮದ್ ಉಳ್ಳಾಲದವರು. ಏಂಜೆಲಾ ಕನ್ನಡ ಮಾತಾಡಿದ್ದು ಕೇಳಿ ಒಳಗಿನಿಂದ ಫ್ಯಾನ್ ತಂದು ಅವರ ಕಡೆಗೆ ತಿರುಗಿಸಿದರು.

"ಕಲ್ಯಾಣಪುರದವರಾ ಟೀಚರಮ್ಮ? ಈ ಸಿಪ್ರಿ ನಿಮ್ಮ ಅಳಿಯ ಅಂತ ನನಗೆ ಇಷ್ಟು ವರ್ಷ ಹೇಳ್ಲೇ ಇಲ್ಲ. ಹೇಳಿದ್ದರೆ ರೇಟು ಕಡಿಮೆ ಮಾಡ್ತಿದ್ದೆ."

"ಅದಕ್ಕೇ ಈಗ ಕರ್ಕೊಂಡು ಬಂದದ್ದು," ಎಂದ ಸಿಪ್ರಿಯನ್.

ಮಮ್ಮದ್ ಸರಕು ಈ ಸಲ ಎಲ್ಲಿಗೆ, ಯಾಕೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಂಡರು. "ನನ್ನ ತಮ್ಮನ ಹಣ್ಣಿನಂಗಡಿಯ ಎದುರಿಗೂ ಒಮ್ಮೆ ಬ್ಯಾನರ್ ಕಟ್ಟಿದ್ರು, ಇವರಲ್ಲಿ ಕೊಳ್ಬೇಡಿ ಅಂತ," ಎಂದರು. "ಮರುದಿನ ಬೆಳಿಗ್ಗೆ ಎದುರುಮನೆಯ ಭಟ್ರು ಬಂದು ಬ್ಯಾನರಿನ ಕೆಳಗೆ ತಲೆ ಬಗ್ಗಿಸಿ ದಾಟಿ, ಯಾವಾಗಿನ ಹಾಗೆ ಬಾಳೆಹಣ್ಣು ತಕ್ಕೊಂಡು ಹೋದ್ರು. ನನ್ನ ತಮ್ಮ ಅಂಗಡಿ ಮುಚ್ಚಲಿಲ್ಲ." ಅವರು ಎದ್ದು ಒಳಗೆ ಹೋಗಿ ಗ್ಯಾಸ್ಕೆಟ್‌ಗಳ ದೊಡ್ಡದೊಂದು ಕಟ್ಟು ತಂದು ಕಂಟೇನರಿನೊಳಗೆ ಇಟ್ಟರು. "ಇದು ಬಿಲ್ಲಿಗೆ ಬೇಡ. ಹೊಸ ಅಂಗಡಿಗೆ ನಂದು."

"ಏನು ಹೇಳಿದ?" ಎಂದು ಮಾಮಾ ಇಕೆ ಕೇಳಿದರು. ಏಂಜೆಲಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಮಾಮಾ ಇಕೆ ಮಮ್ಮದ್ ಅವರ ಎರಡೂ ಕೈ ಹಿಡಿದುಕೊಂಡು ಏನೋ ಇಗ್ಬೋದಲ್ಲಿ ಹೇಳಿದರು. ಅದನ್ನು ಯಾರೂ ಅನುವಾದ ಮಾಡಲಿಲ್ಲ.

ಕಂಟೇನರ್ ಸಮುದ್ರದಲ್ಲಿರುವಾಗ ಸೆಪ್ಟೆಂಬರಿನ ಹಬ್ಬ ಬಂತು. ಕ್ಲೇಟನ್ ಯಾರದೋ ಕೈಯಲ್ಲಿ ಕಳಿಸಿದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದವಾಯಿತು. ಏಂಜೆಲಾ ಅಕ್ಕಿ ಸುಲಿದು, ಅರೆದು, ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಮಾಮಾ ಇಕೆ ಎರಡೂ ಕೈಯೊಡ್ಡಿ ತೆಗೆದುಕೊಂಡರು. ಮಿಕ್ಕಿದ್ದ ಒಂದು ತೆನೆಯನ್ನು ಏಂಜೆಲಾ ಬಿಳಿ ಕರವಸ್ತ್ರದಲ್ಲಿ ಸುತ್ತಿ, ಹಾಲ್‌ನಲ್ಲಿದ್ದ ಮಾತೆಯ ಚಿತ್ರದ ಹಿಂದೆ ಸಿಕ್ಕಿಸಿದರು.

"ಅದು ಯಾರದ್ದು?" ಎಂದು ಮಾಮಾ ಇಕೆ ಕೇಳಿದರು.

"ಇಕೆಂಬಾನದ್ದು," ಎಂದರು ಏಂಜೆಲಾ.

ಅಕ್ಟೋಬರಿನ ಒಂದು ಶನಿವಾರ ಎಲ್ಲರೂ ಊಟದ ಮೇಜಿನ ಸುತ್ತ ಸೇರಿದರು. ಸಿಪ್ರಿಯನ್ ಫೋನನ್ನು ನೀರಿನ ಜಗ್ಗಿಗೆ ಒರಗಿಸಿದ. ಪರದೆಯಲ್ಲಿ ಕೆಂಪು ಮಣ್ಣು, ಮಾವಿನ ಮರ, ಅದರ ಕೆಳಗೆ ನೀಲಿ ಬಣ್ಣ ಬಳಿದ ಕಂಟೇನರ್. ಬಾಗಿಲೆರಡೂ ತೆರೆದು ನಿಂತಿದ್ದವು. ಒಳಗೆ ಇಂಜಿನ್‌ಗಳು ಸಾಲಾಗಿ ಕೂತಿದ್ದವು. ಆಗಲೇ ಮೆಕ್ಯಾನಿಕ್‌ಗಳು ಎಣ್ಣೆ ಹತ್ತಿದ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಮಮ್ಮದ್ ಕೊಟ್ಟ ಗ್ಯಾಸ್ಕೆಟ್ ಕಟ್ಟು ಅರ್ಧ ಖಾಲಿಯಾಗಿತ್ತು.

"ಮೇಲೆ ತೋರಿಸಿ," ಎಂದಳು ಪ್ರಿನ್ಸಿ.

ಫೋನು ಮೇಲೆ ಹೋಯಿತು. ಆ ರಸ್ತೆಯ ಅಂಗಡಿಗಳ ಬೋರ್ಡಿನಲ್ಲೆಲ್ಲ ಅಪ್ಪನ ಹೆಸರು, ಪಕ್ಕದಲ್ಲಿ ಆ್ಯಂಡ್ ಸನ್ಸ್. ಇಲ್ಲಿ ಕೆಂಪು ಅಕ್ಷರದಲ್ಲಿ ಒಬಿಯೋರಾ ಆ್ಯಂಡ್ ಡಾಟರ್ ಎಂದಿತ್ತು. ಒಬಿಯೋರಾ ಅವರ ಮನೆತನದ ಹೆಸರು. ಪ್ರಿನ್ಸಿ ನಿಕೋಲ್‌ಳನ್ನು ಎತ್ತಿ ಅವಳ ಮುಖವನ್ನು ಪರದೆಗೆ ಹಿಡಿದಳು. ನಿಕೋಲ್ ನೀರಿನ ಜಗ್ಗನ್ನು ನೆಕ್ಕಿದಳು.

ಇಕೆಂಬಾ ಕಾಣಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹಿಂದೆ ಸಭೆಯ ಮುದುಕರು ಕುರ್ಚಿಗಳಲ್ಲಿ ಕೂತಿದ್ದರು. ಗಡಸು ದನಿಯ ಚಿಕ್ಕಪ್ಪ ಎಲ್ಲರಿಗಿಂತ ಮುಂದಿದ್ದರು. ಇಕೆಂಬಾ ಕೆಂಡದ ಮೇಲೆ ಸುಟ್ಟ ಗೆಡ್ಡೆಯನ್ನು ಎತ್ತಿ ತೋರಿಸಿ, ಪ್ರಾರ್ಥನೆ ಹೇಳಿ, ಚಾಕುವಿನಿಂದ ಕೊಯ್ದ. ಮೊದಲ ಚೂರನ್ನು ತಾಳೆ ಎಣ್ಣೆಯಲ್ಲಿ ಅದ್ದಿ ಬಾಯಿಗಿಟ್ಟ. ಅಗಿದು ನುಂಗಿದ.

"ಮಾಮಾ, ಆಯಿತು," ಎಂದ ಅವನು.

ಏಂಜೆಲಾ ಬೆಳಿಗ್ಗೆಯಿಂದ ಕಾದಿದ್ದರು. ಮೀನು ಸುಡುವ ಕಬ್ಬಿಣದ ಜಾಳಿಗೆಯನ್ನು ಒಲೆಯ ಮೇಲಿಟ್ಟು ಗೆಡ್ಡೆ ಸುಟ್ಟಿದ್ದರು. ನಾಲ್ಕೂ ಬರ್ನರ್ ಬಳಸಿದ್ದರು, ಯಾರೂ ಆಕ್ಷೇಪಿಸಿರಲಿಲ್ಲ. ತಟ್ಟೆ ತಂದು ಮಾಮಾ ಇಕೆಯ ಮುಂದಿಟ್ಟರು. ಈ ಸಲ ತೆಂಗಿನ ಹಾಲಿಲ್ಲ, ಒಗ್ಗರಣೆಯಿಲ್ಲ, ಬದಿಯಲ್ಲಿ ಕೆಂಪು ತಾಳೆ ಎಣ್ಣೆ.

ಮಾಮಾ ಇಕೆ ಒಂದು ಚೂರು ತೆಗೆದು ಎಣ್ಣೆಯಲ್ಲಿ ಅದ್ದಿ, ಪರದೆಯಲ್ಲಿದ್ದ ಮಗನ ಮುಖ ನೋಡುತ್ತ ತಿಂದರು. ನಿಧಾನವಾಗಿ ಅಗಿಯುತ್ತ ತಟ್ಟೆಯಲ್ಲಿದ್ದ ಚೂರುಗಳನ್ನೆಲ್ಲ ಮುಗಿಸಿದರು. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

"ಹೇಗುಂಟು?" ಎಂದು ಏಂಜೆಲಾ ಕೇಳಿದರು.

"ಸ್ವಲ್ಪ ಕರಕಲಾಗಿದೆ." ಅವರು ಖಾಲಿ ತಟ್ಟೆಯನ್ನು ಏಂಜೆಲಾ ಅವರ ಕಡೆಗೆ ತಳ್ಳಿದರು. "ಮಾಮಾ ಕ್ಲೇಟನ್, ಇಡೀ ಗೆಡ್ಡೆ ತಂದಿದ್ದಿರಲ್ಲ. ಉಳಿದದ್ದು ಎಲ್ಲಿ?"